ಸಮಾಜಗಳ ಎಣಿಕೆಯೂ ಸಮ್ಮಿಶ್ರ ಸರ್ಕಾರಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ರಾಜಾನುಕುಂಟೆಯಲ್ಲಿ ನೆರೆದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)

 

ಧರ್ಮ, ವಿದ್ಯೆ, ದಾಸೋಹಗಳ ವಿಚಾರವಾಗಿ ಬಲ್ಲವರು ಈ ಮಹೋತ್ಸವದಲ್ಲಿ ಮಾತನಾಡಿರುತ್ತಾರೆ. ನನ್ನ ಪಾಲಿಗೆ ಬಂದಿರುವ ವಿಷಯವು ಅಷ್ಟು ಶುಚಿಯಾದುದಲ್ಲ. ರಾಜ್ಯದ ಚುನಾವಣೆಗಳಲ್ಲಿ ಜಾತಿಯು ಹೇಗೆ ನಡೆಯುತ್ತದೆ, ಪಕ್ಷಗಳು ಹೇಗೆ ಕೂಡುತ್ತವೆ, ಹೇಗೆ ಅಗಲುತ್ತವೆ ಎಂಬುದನ್ನು ಮಠದ ಸಭೆಯಲ್ಲಿ ಆಡಬಹುದೇ ಎಂದು ನಿಮ್ಮಲ್ಲಿ ಕೆಲವರಿಗೆ ಸಂಶಯ ತೋರಬಹುದು. ನನ್ನ ಉತ್ತರವು ಸರಳವಾದುದು. ನಾವು ರಾಜಕಾರಣವನ್ನು ಕರೆಯದಿದ್ದಾಗ್ಯೂ ಅದು ಮಠದ ಬಾಗಿಲಿಗೆ ಬರುತ್ತದೆ. ಫಲತಾಂಬೂಲ ಹಿಡಿದು ಬರುತ್ತದೆ, ಹಾರ ಹಾಕಿಸಿಕೊಂಡು ಹೋಗುತ್ತದೆ, ಮರುದಿನ ಆ ಹಾರದ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತದೆ. ಹೀಗಿರುವಲ್ಲಿ ಆ ವಿಷಯವನ್ನು ಕುರಿತು ಭಕ್ತರು ಬಹಿರಂಗವಾಗಿ ಆಲೋಚಿಸುವುದೇ ಲೇಸೆಂದು ನನ್ನ ಭಾವನೆ.

ಇದನ್ನು ರಾಜಾನುಕುಂಟೆಯಲ್ಲಿಯೇ ಆಡುವುದಕ್ಕೆ ಇನ್ನೊಂದು ಕಾರಣವೂ ಇರುವುದು. ಬೆಂಗಳೂರಿನಿಂದ ಯಲಹಂಕದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ಈ ಊರಿನ ಹೆಸರು ೨೦೧೯ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಆಗ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳಗಳ ಸಮ್ಮಿಶ್ರ ಸರ್ಕಾರವು ಅಲುಗಾಡುತ್ತಿತ್ತು. ಮೂರು ಪಕ್ಷದವರೂ ತಂತಮ್ಮ ಶಾಸಕರನ್ನು ಒಂದೊಂದು ರೆಸಾರ್ಟಿನಲ್ಲಿಯೂ ಹೋಟೆಲಿನಲ್ಲಿಯೂ ಇರಿಸಿ ಕಾವಲು ಕಾಯುತ್ತಿದ್ದರು. ಭಾರತೀಯ ಜನತಾ ಪಕ್ಷದ ಶಾಸಕರು ಇದ್ದುದು ಈ ಸೀಮೆಯ ರೆಸಾರ್ಟಿನಲ್ಲಿ. ಜನತಾದಳದವರು ನಂದಿಬೆಟ್ಟದ ಕಡೆ, ಕಾಂಗ್ರೆಸ್ಸಿನವರು ಯಶವಂತಪುರದಲ್ಲಿ. ಆರು ಕೋಟಿಗಿಂತ ಹೆಚ್ಚು ಜನರಿರುವ ರಾಜ್ಯದ ಆಡಳಿತವು ಯಾರಿಗೆ ಸೇರಬೇಕೆಂಬುದು ವಿಧಾನಸೌಧದಲ್ಲಿ ಅಲ್ಲ, ರೆಸಾರ್ಟುಗಳ ಊಟದ ಮನೆಯಲ್ಲಿ ತೀರ್ಮಾನವಾಗುತ್ತಿರುವಂತೆ ಜನಕ್ಕೆ ತೋರಿತು. ಕೊನೆಗೆ ಜುಲೈ ೨೩ರಂದು ಸದನದಲ್ಲಿ ಎಣಿಕೆ ನಡೆದು, ಸರ್ಕಾರದ ಪರವಾಗಿ ೯೯, ವಿರೋಧವಾಗಿ ೧೦೫ ಮತಗಳು ಬಿದ್ದು, ಹದಿನಾಲ್ಕು ತಿಂಗಳ ಸಮ್ಮಿಶ್ರವು ಮುಗಿಯಿತು.

ಎಣಿಕೆ ಎಲ್ಲಿ ನಡೆಯಬೇಕು ಎಂಬ ಈ ಪ್ರಶ್ನೆಯನ್ನೇ ನಾನು ಈ ದಿವಸ ನಿಮ್ಮ ಮುಂದೆ ಇಡಬೇಕೆಂದಿರುತ್ತೇನೆ. ಶಾಸಕರ ಎಣಿಕೆಯ ವಿಷಯದಲ್ಲಿ ಅದಕ್ಕೆ ಉತ್ತರ ದೊರೆತಿದೆ. ಸಮಾಜದ ಎಣಿಕೆಯ ವಿಷಯದಲ್ಲಿ ಇನ್ನೂ ದೊರೆತಿಲ್ಲ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಎರಡು ಪಕ್ಷಗಳು ಸೇರಿ ನಡೆಸಿದರೆ ಮಾತ್ರ ಸಮ್ಮಿಶ್ರ ಸರ್ಕಾರವೆಂದು ನಾವು ಹೇಳುತ್ತೇವೆ. ನಮ್ಮ ರಾಜ್ಯದಲ್ಲಿ ಒಂದೇ ಪಕ್ಷದ ಸರ್ಕಾರವೂ ಸಮ್ಮಿಶ್ರವೇ. ವಿಧಾನಸಭೆಯಲ್ಲಿ ೨೨೪ ಸ್ಥಾನಗಳಿವೆ. ಬಹುಮತಕ್ಕೆ ೧೧೩ ಬೇಕು. ಇವುಗಳಲ್ಲಿ ೩೬ ಪರಿಶಿಷ್ಟ ಜಾತಿಯವರಿಗೂ ೧೫ ಪರಿಶಿಷ್ಟ ಪಂಗಡದವರಿಗೂ ಮೀಸಲು. ಉಳಿದ ೧೭೩ರಲ್ಲಿ ಯಾವ ಸಮಾಜವು ತನ್ನೊಬ್ಬರ ಮತದಿಂದಲೇ ೧೧೩ನ್ನು ಗೆದ್ದುಕೊಳ್ಳಬಲ್ಲುದು? ಲಿಂಗಾಯತರಿಗೂ ಆಗದು, ಒಕ್ಕಲಿಗರಿಗೂ ಆಗದು. ಆದುದರಿಂದ ಯಾವ ಪಕ್ಷವು ಗೆದ್ದರೂ ಅದು ಮೊದಲು ತನ್ನೊಳಗೆ ನಾಲ್ಕಾರು ಸಮಾಜಗಳನ್ನು ಕೂಡಿಸಿಕೊಂಡಿರಲೇಬೇಕು. ಈ ಒಳಗಿನ ಕೂಟವು ಗಟ್ಟಿಯಾಗಿದ್ದಾಗ ಒಂದೇ ಪಕ್ಷದ ಸರ್ಕಾರವಾಗುತ್ತದೆ. ಅದು ಮುರಿದಾಗ ಹೊರಗಿನ ಕೂಟ ಬೇಕಾಗುತ್ತದೆ. ಇಷ್ಟೇ ಅಂತರ.

ಇದು ಹೊಸದೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿಯು ಹುಟ್ಟಿದಾಗ ಅದರಲ್ಲಿ ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಒಂದೇ ಚಾಪೆಯ ಮೇಲೆ ಕುಳಿತರು. ಸರ್ಕಾರದ ಉದ್ಯೋಗಗಳಲ್ಲಿ ತಮಗೂ ಪಾಲು ಬೇಕೆಂಬ ಅವರ ಬೇಡಿಕೆಯ ಮೇಲೆ ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು ಮಿಲ್ಲರ್ ಸಮಿತಿಯನ್ನು ನೇಮಿಸಿತು. ಆ ಕೂಟವು ಬೇರೆ ಬೇರೆ ರೂಪಗಳನ್ನು ತಾಳಿ, ೧೯೩೭ರಲ್ಲಿ ಪ್ರಜಾ ಸಂಯುಕ್ತ ಪಕ್ಷವೆಂಬ ಹೆಸರಿನಿಂದ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಆಗ ನಮ್ಮ ಹಿರಿಯರು ಕೇಳಿದುದು ಪಾಠಶಾಲೆ, ವಿದ್ಯಾರ್ಥಿನಿಲಯ, ಗುಮಾಸ್ತಿಕೆಗಳನ್ನು. ಮುಖ್ಯಮಂತ್ರಿಯ ಕುರ್ಚಿಯು ಆಗ ಇರಲೇ ಇಲ್ಲವಷ್ಟೆ. ಇದ್ದಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರೋ ಏನೋ!

ಸ್ವಾತಂತ್ರ್ಯ ಬಂದ ತರುವಾಯ ಹಳೆಯ ಮೈಸೂರಿನಲ್ಲಿ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪನವರು ಕ್ರಮವಾಗಿ ಮುಖ್ಯಮಂತ್ರಿಗಳಾದರು. ಏಕೀಕರಣವಾದರೆ ಉತ್ತರದ ಲಿಂಗಾಯತರ ಸಂಖ್ಯೆಯ ಮುಂದೆ ತಮ್ಮ ಕೈ ಕೆಳಗಾಗುವುದೆಂದು ಮೈಸೂರಿನ ಒಕ್ಕಲಿಗ ಮುಖಂಡರಲ್ಲಿ ಅನೇಕರು ಅಂಜಿದರು. ಹಾಗಿದ್ದಾಗ್ಯೂ ಹನುಮಂತಯ್ಯನವರು ಏಕೀಕರಣದ ಪಕ್ಷವನ್ನೇ ಹಿಡಿದರು. ಕನ್ನಡನಾಡು ಒಂದಾದ ಕಥೆಯಲ್ಲಿ ಈ ಒಂದು ಸಂಗತಿಯನ್ನು ನಮ್ಮವರು ಮರೆಯಬಾರದು. ಅಂಜಿದವರ ಲೆಕ್ಕವು ತಪ್ಪಾಗಲಿಲ್ಲ. ೧೯೫೬ ಮೊದಲ್ಗೊಂಡು ೧೯೭೧ರ ಪರ್ಯಂತ ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲರು, ಹೀಗೆ ಲಿಂಗಾಯತರೇ ಅಧಿಕಾರದಲ್ಲಿದ್ದರು. ೧೯೭೨ರಲ್ಲಿ ಅತಿ ಸಣ್ಣದಾದ ಅರಸು ಸಮಾಜಕ್ಕೆ ಸೇರಿದ ದೇವರಾಜ ಅರಸರವರು ಬಂದು, ಎರಡು ದೊಡ್ಡ ಸಮಾಜಗಳನ್ನು ಬಿಟ್ಟು ಉಳಿದವರನ್ನೆಲ್ಲ ಕೂಡಿಸಿ, ಕೂಟದ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಅವರು ನೇಮಿಸಿದ ಹಾವನೂರರ ಆಯೋಗವು ೧೯೭೫ರಲ್ಲಿ ಕೊಟ್ಟ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರೆಂದು ಎಣಿಸಲಿಲ್ಲ. ಅದರ ಅಸಮಾಧಾನವು ಬಹುಕಾಲ ನಮ್ಮಲ್ಲಿ ಹೊಗೆಯಾಡಿತು.

೧೯೮೩ರಲ್ಲಿ ನಡೆದುದು ವಿನೋದವಾಗಿದೆ. ಜನತಾ ಪಕ್ಷ ಮತ್ತು ಕ್ರಾಂತಿರಂಗದವರಿಗೆ ೯೫ ಸ್ಥಾನಗಳು, ಭಾರತೀಯ ಜನತಾ ಪಕ್ಷದವರಿಗೆ ೧೮. ಕೂಡಿದರೆ ಸರಿಯಾಗಿ ೧೧೩. ಹೊರಗಿನ ಬೆಂಬಲದಿಂದ ಮುಖ್ಯಮಂತ್ರಿಯಾದವರು ರಾಮಕೃಷ್ಣ ಹೆಗಡೆಯವರು, ಜನ್ಮದಿಂದ ಬ್ರಾಹ್ಮಣರು. ಅವರನ್ನು ಉತ್ತರದ ಲಿಂಗಾಯತರು ತಮ್ಮವರೆಂದೇ ಒಪ್ಪಿಕೊಂಡು ೧೯೮೫ರಲ್ಲಿ ಅವರ ಪಕ್ಷಕ್ಕೆ ೧೩೯ ಸ್ಥಾನಗಳು ಬರುವುದಕ್ಕೆ ಬಹುಮಟ್ಟಿಗೆ ಕಾರಣರಾದರು. ಲಿಂಗಾಯತನು ಲಿಂಗಾಯತನಿಗಲ್ಲದೆ ಮತ ಹಾಕನೆಂದು ಹೇಳುವವರು ಈ ವರ್ಷಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ.

ಇನ್ನು ನಾನು ಸ್ವಲ್ಪ ನಿಂತು ಹೇಳಬೇಕಾದ ಸಂಗತಿಗೆ ಬರುತ್ತೇನೆ. ಹೆಗಡೆಯವರ ತರುವಾಯ ೧೯೮೮ರ ಆಗಸ್ಟಿನಲ್ಲಿ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ೧೯೮೯ರ ಏಪ್ರಿಲ್ ತಿಂಗಳಿನಲ್ಲಿ ಅವರ ಪಕ್ಷದ ಒಬ್ಬ ಶಾಸಕರು ೧೯ ಮಂದಿಯ ಸಹಿಯುಳ್ಳ ಪತ್ರಗಳನ್ನು ರಾಜ್ಯಪಾಲರ ಕೈಗೆ ಕೊಟ್ಟು, ಇವರು ಯಾರೂ ಸರ್ಕಾರದ ಬೆಂಬಲಕ್ಕಿಲ್ಲವೆಂದರು. ರಾಜ್ಯಪಾಲರು ಆ ಕಾಗದಗಳನ್ನು ಎಣಿಸಿ, ಸರ್ಕಾರಕ್ಕೆ ಬಹುಮತವಿಲ್ಲವೆಂದು ದಿಲ್ಲಿಗೆ ಬರೆದರು. ಮರುದಿನವೇ ಆ ೧೯ರಲ್ಲಿ ಏಳು ಮಂದಿ, ನಮ್ಮಿಂದ ಸಹಿ ಪಡೆದುದು ಸರಿಯಾದ ರೀತಿಯಲ್ಲಲ್ಲ, ನಾವು ಸರ್ಕಾರದ ಕಡೆಯವರೇ ಎಂದು ತಿಳಿಸಿದರು. ಸದನವನ್ನು ಕರೆಯುತ್ತೇನೆ, ಅಲ್ಲಿ ಎಣಿಸಿ ನೋಡಿರಿ ಎಂದು ಬೊಮ್ಮಾಯಿಯವರು ಕೇಳಿಕೊಂಡರು. ಆ ಮಾತು ನಡೆಯಲಿಲ್ಲ. ಏಪ್ರಿಲ್ ೨೧ರಂದು ಸರ್ಕಾರವು ವಜಾ ಆಗಿ ರಾಷ್ಟ್ರಪತಿಗಳ ಆಡಳಿತ ಬಂದಿತು.

ಬೊಮ್ಮಾಯಿಯವರು ಆಗ ಏನು ಮಾಡಿದರೆಂಬುದನ್ನು ಗಮನಿಸಿರಿ. ನಮ್ಮ ಸಮಾಜಕ್ಕೆ ಅಪಮಾನವಾಯಿತೆಂದು ಊರೂರು ತಿರುಗಿ ಕೂಗಿದ್ದರೆ ಕೇಳುವ ಕಿವಿಗಳು ಬೇಕಾದಷ್ಟಿದ್ದವು. ಅವರು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಲ್ಲಿ ಸೋತರು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಐದು ವರ್ಷಗಳು ಸಂದವು. ೧೯೯೪ನೆಯ ಮಾರ್ಚ್ ೧೧ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ತೀರ್ಪನ್ನಿತ್ತಿತು: ಸರ್ಕಾರದ ಬಲಾಬಲವನ್ನು ನೋಡುವ ಸ್ಥಳವು ಸದನವೇ ಹೊರತು ರಾಜ್ಯಪಾಲರ ಭವನವಲ್ಲ. ಬೊಮ್ಮಾಯಿಯವರಿಗೆ ಇದರಿಂದ ಕುರ್ಚಿಯು ಮರಳಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆದರೆ ಈ ದೇಶದಲ್ಲಿ ಯಾವ ಮೂಲೆಯಲ್ಲಿ ಸರ್ಕಾರವೊಂದರ ಬಹುಮತವು ಸಂಶಯಕ್ಕೀಡಾದರೂ ವಕೀಲರು ಮೊದಲು ಉಚ್ಚರಿಸುವ ಹೆಸರು ಅವರದು. ೨೦೧೮ರ ಮೇ ತಿಂಗಳಿನಲ್ಲಿ ೧೦೪ ಸ್ಥಾನಗಳ ಮೇಲೆ ಮುಖ್ಯಮಂತ್ರಿಗಳಾದ ಯಡಿಯೂರಪ್ಪನವರಿಗೆ ಸರ್ವೋಚ್ಚ ನ್ಯಾಯಾಲಯವು ಎರಡೇ ದಿನಗಳಲ್ಲಿ ಸದನವನ್ನೆದುರಿಸಬೇಕೆಂದು ವಿಧಿಸಿದುದೂ, ೨೦೧೯ರಲ್ಲಿ ರೆಸಾರ್ಟುಗಳಲ್ಲಿದ್ದವರು ಕೊನೆಗೆ ವಿಧಾನಸೌಧಕ್ಕೆ ಬಂದು ಎದ್ದು ನಿಲ್ಲಬೇಕಾಗಿ ಬಂದುದೂ ಆ ತೀರ್ಪಿನ ದಾರಿಯಲ್ಲಿಯೇ. ಲಿಂಗಾಯತ ಸಮಾಜವು ಈ ರಾಜ್ಯಕ್ಕೆ ಒಂಬತ್ತು ಮಂದಿ ಮುಖ್ಯಮಂತ್ರಿಗಳನ್ನು ಕೊಟ್ಟಿದೆಯೆಂದು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಆ ಒಂಬತ್ತು ಮಂದಿಯ ಅಧಿಕಾರಾವಧಿಗಳಿಗಿಂತಲೂ ಈ ಒಂದು ವ್ಯಾಜ್ಯವು ಹೆಚ್ಚು ಬಾಳಿಕೆಯುಳ್ಳದ್ದೆಂದು ನಾನು ತಿಳಿದಿದ್ದೇನೆ.

ಇದೇ ಕಾಲದಲ್ಲಿ ನಮ್ಮ ಸಮಾಜವು ಇನ್ನೊಂದು ದಾರಿಯನ್ನೂ ಹಿಡಿಯಿತು. ೧೯೮೯ರ ಕೊನೆಯಲ್ಲಿ ವೀರೇಂದ್ರ ಪಾಟೀಲರ ಮುಂದಾಳುತನದಲ್ಲಿ ಕಾಂಗ್ರೆಸ್ಸಿಗೆ ೧೭೮ ಸ್ಥಾನಗಳು ಬಂದಿದ್ದವು. ಒಂದು ವರ್ಷವೂ ತುಂಬುವುದರೊಳಗಾಗಿ, ೧೯೯೦ರ ಅಕ್ಟೋಬರಿನಲ್ಲಿ, ಅಸ್ವಸ್ಥರಾಗಿದ್ದ ಅವರನ್ನು ಪಕ್ಷದ ವರಿಷ್ಠರು ಪದವಿಯಿಂದ ಇಳಿಸಿದರು. ಇಳಿಸಿದ ರೀತಿಯು ಬಹಳ ಒರಟಾಗಿತ್ತು. ಸಮಾಜವು ಅದನ್ನು ತನ್ನ ಮೈಮೇಲೆ ಬಿದ್ದ ಏಟೆಂದು ಭಾವಿಸಿತು. ೧೯೯೪ರ ಚುನಾವಣೆಯಲ್ಲಿ ಕಾಂಗ್ರೆಸ್ಸು ೧೭೮ರಿಂದ ೩೪ಕ್ಕೆ ಇಳಿಯಿತು. ಇದಕ್ಕೆ ಲಿಂಗಾಯತರ ಕೋಪವೊಂದೇ ಕಾರಣವಲ್ಲ. ಬಂಗಾರಪ್ಪನವರು ಬೇರೆ ಪಕ್ಷ ಕಟ್ಟಿದರು, ಸರ್ಕಾರದ ಮೇಲೆ ಬೇರೆ ಬೇಸರಗಳೂ ಇದ್ದವು. ಆದರೆ ಆ ಕೋಪವು ಮೂವತ್ತು ವರ್ಷಗಳ ರಾಜಕಾರಣಕ್ಕೆ ಅಡಿಗಲ್ಲಾಯಿತು. ಆ ದಿನ ಹೊರಟ ಮತಗಳು ಮೊದಲು ಜನತಾದಳಕ್ಕೂ ಆಮೇಲೆ ಭಾರತೀಯ ಜನತಾ ಪಕ್ಷಕ್ಕೂ ಹೋಗಿ ಸೇರಿದವು.

೨೦೦೪ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಭಾರತೀಯ ಜನತಾ ಪಕ್ಷಕ್ಕೆ ೭೯, ಕಾಂಗ್ರೆಸ್ಸಿಗೆ ೬೫, ಜಾತ್ಯತೀತ ಜನತಾದಳಕ್ಕೆ ೫೮. ಎರಡನೆಯವರೂ ಮೂರನೆಯವರೂ ಕೂಡಿ ಧರ್ಮಸಿಂಗರನ್ನು ಮುಖ್ಯಮಂತ್ರಿಯನ್ನಾಗಿ ಮಾಡಿದರು. ರಾಜ್ಯದಲ್ಲಿ ಎಣಿಕೆಗೇ ಸಿಕ್ಕದಷ್ಟು ಸಣ್ಣ ಸಮಾಜದವರಾದ ಅವರ ಮೇಲೆ ಯಾರಿಗೂ ಅಸೂಯೆಯಿರಲಿಲ್ಲ. ಅದೇ ಅವರ ಬಲವಾಯಿತು. ಇಪ್ಪತ್ತು ತಿಂಗಳಲ್ಲಿ ಆ ಕೂಟ ಮುರಿಯಿತು. ೨೦೦೬ರ ಫೆಬ್ರವರಿಯಲ್ಲಿ ಕುಮಾರಸ್ವಾಮಿಯವರು ಭಾರತೀಯ ಜನತಾ ಪಕ್ಷದ ಜೊತೆ ಕೂಡಿದರು. ತಲಾ ಇಪ್ಪತ್ತು ತಿಂಗಳು ಆಳುವುದೆಂದು ಒಡಂಬಡಿಕೆಯಾಯಿತು. ೨೦೦೭ರ ಅಕ್ಟೋಬರಿನಲ್ಲಿ ಸರದಿ ಬಂದಾಗ ಅಧಿಕಾರವು ಹಸ್ತಾಂತರವಾಗಲಿಲ್ಲ. ನವೆಂಬರ್ ೧೨ರಂದು ಹೇಗೋ ಪ್ರಮಾಣವಚನ ನಡೆದು, ಏಳೇ ದಿನಗಳಲ್ಲಿ, ೧೯ರಂದು, ಯಡಿಯೂರಪ್ಪನವರು ಪದವಿಯನ್ನು ಬಿಡಬೇಕಾಯಿತು.

ವಚನವೆಂಬ ಶಬ್ದಕ್ಕೆ ಲೋಕದಲ್ಲಿ ಒಂದು ಅರ್ಥವಾದರೆ ನಮ್ಮಲ್ಲಿ ಎರಡು. ವಚನಭಂಗವೆಂಬ ಮಾತು ಲಿಂಗಾಯತರ ಮನೆಮನೆಗಳಲ್ಲಿ ಎಷ್ಟು ಬೇಗ ಹಬ್ಬಿತೆಂಬುದಕ್ಕೆ ಇದೂ ಒಂದು ಕಾರಣವಿರಬಹುದು. ಇಬ್ಬರು ರಾಜಕಾರಣಿಗಳ ನಡುವಣ ಕರಾರು ಎರಡು ಸಮಾಜಗಳ ನಡುವಣ ಹಗೆಯಾಗಿ ಮಾರ್ಪಟ್ಟಿತು. ಒಕ್ಕಲಿಗರು ಲಿಂಗಾಯತರಿಗೆ ಮೋಸ ಮಾಡಿದರೆಂದು ಆಡಿದರು. ಯಾವ ಒಕ್ಕಲಿಗರು? ಇದೇ ದೊಡ್ಡಬಳ್ಳಾಪುರದ ರಸ್ತೆಯ ಎರಡು ಮಗ್ಗುಲಲ್ಲಿ ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುತ್ತಿದ್ದವರಿಗೆ ಆ ಕರಾರಿನ ಒಂದು ಅಕ್ಷರವನ್ನಾದರೂ ಯಾರಾದರೂ ಓದಿ ಹೇಳಿದ್ದರೇ? ಧಾರವಾಡದ ಕಡೆಯ ಹತ್ತಿಯ ಹೊಲದಲ್ಲಿದ್ದ ಲಿಂಗಾಯತನ ಸಹಿಯಾದರೂ ಅದರ ಮೇಲೆ ಇತ್ತೇ? ಕರಾರು ಮಾಡಿದವರು ಕೆಲವೇ ಮಂದಿ. ಮುರಿದಾಗ ಅಪಮಾನವನ್ನು ಹಂಚಿಕೊಂಡವರು ಲಕ್ಷಗಟ್ಟಲೆ. ಸಮ್ಮಿಶ್ರ ರಾಜಕಾರಣದಲ್ಲಿ ಜಾತಿಯು ಮಾಡುವ ಕೆಲಸವು ಬಹುತರವಾಗಿ ಇದೇ. ಲಾಭದ ಹಂಚಿಕೆಯ ಹೊತ್ತಿಗೆ ಕರೆಯದಿದ್ದವರನ್ನು ನಷ್ಟದ ಹೊತ್ತಿಗೆ ಕರೆದು ಕೂಡಿಸುತ್ತದೆ.

೨೦೦೮ರಲ್ಲಿ ಆ ಅನುಕಂಪದ ಮೇಲೆ ಭಾರತೀಯ ಜನತಾ ಪಕ್ಷಕ್ಕೆ ೧೧೦ ಸ್ಥಾನಗಳು ಬಂದವು. ೨೦೧೩ರಲ್ಲಿ ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿದಾಗ ಅದು ೪೦ಕ್ಕೆ ಇಳಿಯಿತು. ಅವರ ಪಕ್ಷಕ್ಕೆ ಬಂದುದೂ ಆರೇ ಸ್ಥಾನಗಳು. ಒಡೆದವರಿಬ್ಬರೂ ಸೋತರು.

ಎರಡು ಪಕ್ಷಗಳು ಕೂಡಿದರೆ ಅವುಗಳ ಮತಗಳೂ ಕೂಡುತ್ತವೆಂದು ಪತ್ರಿಕೆಗಳವರು ಲೆಕ್ಕ ಹಾಕುವುದುಂಟು. ೨೦೧೮ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ೩೮, ಜನತಾದಳಕ್ಕೆ ನೂರಕ್ಕೆ ೧೮ ಮತಗಳು ಬಂದಿದ್ದವು. ಕೂಡಿದರೆ ೫೬. ಅವೆರಡೂ ೨೦೧೯ರ ಲೋಕಸಭಾ ಚುನಾವಣೆಯಲ್ಲಿ ಒಂದಾಗಿ ನಿಂತವು. ೨೮ ಸ್ಥಾನಗಳಲ್ಲಿ ಗೆದ್ದುದು ಎರಡನ್ನು ಮಾತ್ರ! ದೇಶದ ಚುನಾವಣೆಯಲ್ಲಿ ಜನರು ಬೇರೆ ತಕ್ಕಡಿಯಲ್ಲಿ ತೂಗುತ್ತಾರೆಂಬುದು ನಿಜ. ಆದರೂ ಬತ್ತದ ಚೀಲಗಳನ್ನು ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಹೇರಿದಂತೆ ಮತಗಳನ್ನು ಹೇರಲಾಗದೆಂಬುದು ತೋರಿಬಂದಿತು. ನಮ್ಮ ಯಲಹಂಕವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದುದು. ಇಲ್ಲಿಯ ಜನತಾದಳದ ಕಾರ್ಯಕರ್ತನಿಗೆ ೨೦೧೯ರಲ್ಲಿ ಹಸ್ತದ ಗುರುತಿಗೆ ಮತ ಕೇಳೆಂದರು. ಮೈತ್ರಿಯ ಅಭ್ಯರ್ಥಿಯಾದ ವೀರಪ್ಪ ಮೊಯಿಲಿಯವರು ಸೋತರು. ೨೦೨೩ರ ಸೆಪ್ಟೆಂಬರಿನಲ್ಲಿ ಮೈತ್ರಿಯು ದಿಕ್ಕು ಬದಲಾಯಿಸಿತು, ೨೦೨೪ರಲ್ಲಿ ಅದೇ ಕಾರ್ಯಕರ್ತನಿಗೆ ಕಮಲಕ್ಕೆ ಕೇಳೆಂದರು, ಡಾ. ಕೆ. ಸುಧಾಕರರು ಗೆದ್ದರು. ಐದು ವರ್ಷಗಳಲ್ಲಿ ಎರಡು ಬಗೆಯ ಮಾತನ್ನು ಹೊತ್ತು ಒಂದೇ ಮನೆಗಳ ಬಾಗಿಲಿಗೆ ಹೋದ ಆ ಬಡಪಾಯಿಯನ್ನು ನೆನೆದರೆ ನನಗೆ ಕನಿಕರವಾಗುತ್ತದೆ.

ಜಾತಿಯ ಮತವು ಒಂದೇ ಗಂಟೆಂಬ ನಂಬಿಕೆಗೂ ನಮ್ಮ ನೆರೆಯಲ್ಲಿಯೇ ಪರೀಕ್ಷೆ ನಡೆದಿದೆ. ೨೦೧೯ರಲ್ಲಿ ಅನರ್ಹರಾದ ೧೭ ಮಂದಿ ಶಾಸಕರ ಪೈಕಿ ಹೊಸಕೋಟೆಯ ಎಂ. ಟಿ. ಬಿ. ನಾಗರಾಜರೂ ಚಿಕ್ಕಬಳ್ಳಾಪುರದ ಸುಧಾಕರರೂ ಇದ್ದರು. ಇಬ್ಬರೂ ಒಂದೇ ಪಕ್ಷದಿಂದ ಹೊರಟು ಒಂದೇ ಪಕ್ಷವನ್ನು ಸೇರಿದರು. ಡಿಸೆಂಬರ್ ೫ರ ಉಪಚುನಾವಣೆಯಲ್ಲಿ ಒಂದೇ ದಿನ ಜನರ ಮುಂದೆ ನಿಂತರು. ಒಬ್ಬರು ಗೆದ್ದರು, ಒಬ್ಬರು ಪಕ್ಷೇತರರ ಕೈಯಲ್ಲಿ ಸೋತರು. ೨೦೨೩ರಲ್ಲಿ ಟಿಕೆಟ್ಟು ಸಿಕ್ಕದೆ ಕಾಂಗ್ರೆಸ್ಸಿಗೆ ಬಂದ ಇಬ್ಬರು ಲಿಂಗಾಯತ ಮುಖಂಡರ ಕಥೆಯೂ ಹೀಗೆಯೇ. ಅಥಣಿಯಲ್ಲಿ ಲಕ್ಷ್ಮಣ ಸವದಿಯವರು ಗೆದ್ದರು. ಮುಖ್ಯಮಂತ್ರಿಗಳಾಗಿದ್ದ ಜಗದೀಶ ಶೆಟ್ಟರರು ತಮ್ಮ ಹುಬ್ಬಳ್ಳಿಯಲ್ಲಿಯೇ ಸೋತರು, ಅದೂ ಇನ್ನೊಬ್ಬ ಲಿಂಗಾಯತರ ಎದುರಿನಲ್ಲಿ. ಸಮಾಜ ಒಂದೇ, ದೂರು ಒಂದೇ, ಫಲ ಬೇರೆ. ಮತದಾರನು ಮನೆಯಲ್ಲಿ ಕುಳಿತು ತೂಗುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಯಲಹಂಕದ ಹಿರಿಯರಿಗೆ ಇನ್ನೊಂದು ಅನುಭವವುಂಟು. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯ ಮುಂಚೆ ಈ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿತ್ತು. ನೆರೆಯ ದೇವನಹಳ್ಳಿ, ನೆಲಮಂಗಲಗಳು ಪುನರ್ವಿಂಗಡಣೆಯ ತರುವಾಯವೂ ಮೀಸಲಾಗಿಯೇ ಉಳಿದವು. ಅಂಥಾ ಕ್ಷೇತ್ರದಲ್ಲಿ ನಿಂತವರೆಲ್ಲರೂ ದಲಿತರೇ ಆದುದರಿಂದ, ಒಕ್ಕಲಿಗ, ಲಿಂಗಾಯತ, ಕುರುಬ, ತಿಗಳ, ಮುಸಲ್ಮಾನರಾದ ಮತದಾರರು ನಮ್ಮವನು ಯಾರೆಂದು ಕೇಳುವ ಅವಕಾಶವೇ ಇಲ್ಲದೆ, ಯಾರು ಕೆಲಸಕ್ಕೆ ಬರುತ್ತಾರೆಂದು ಕೇಳಿ ಮತ ಹಾಕಬೇಕಾಗಿತ್ತು. ತೆರೆಯ ಹಿಂದೆ ದೊಡ್ಡ ಸಮಾಜಗಳ ಮುಖಂಡರು ಸೂತ್ರ ಹಿಡಿದಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ತನ್ನ ಜಾತಿಯವನಲ್ಲದವನ ಮುಂದೆ ಅರ್ಜಿ ಹಿಡಿದು ನಿಂತು ರಸ್ತೆಯನ್ನೂ ಕೊಳವೆಬಾವಿಯನ್ನೂ ಕೇಳುವ ಅಭ್ಯಾಸವು ಈ ಸೀಮೆಯವರಿಗೆ ಆಯಿತು. ರಾಜ್ಯದ ಬೇರೆ ಕಡೆಗಳವರಿಗೆ ಈ ಶಿಕ್ಷಣವು ಅಷ್ಟಾಗಿ ದೊರೆತಿಲ್ಲ.

ಈಗ ಮಠದ ಮಾತು. ಸನ್ನಿಧಿಯವರ ಸಮ್ಮುಖದಲ್ಲಿ ಇದನ್ನು ಆಡುವುದಕ್ಕೆ ಅಪ್ಪಣೆಯನ್ನು ಬೇಡಿಕೊಂಡಿದ್ದೇನೆ.

೨೦೨೧ರ ಜುಲೈ ತಿಂಗಳಿನಲ್ಲಿ ಯಡಿಯೂರಪ್ಪನವರು ಪದವಿಯಿಂದ ಇಳಿಯುವರೆಂಬ ವರ್ತಮಾನ ಹಬ್ಬಿದಾಗ ಅನೇಕ ಮಠಗಳ ಪೂಜ್ಯರು ಮುಖ್ಯಮಂತ್ರಿಗಳ ನಿವಾಸಕ್ಕೆ ದಯಮಾಡಿಸಿ ಅವರಿಗೆ ಬೆಂಬಲವನ್ನು ಸೂಚಿಸಿದರು. ಜುಲೈ ೨೫ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಠಾಧೀಶರ ದೊಡ್ಡ ಸಮಾವೇಶವೂ ನಡೆಯಿತು. ಮರುದಿನ ಯಡಿಯೂರಪ್ಪನವರು ರಾಜೀನಾಮೆಯನ್ನು ಪ್ರಕಟಿಸಿದರು. ೨೮ರಂದು ಅಧಿಕಾರ ವಹಿಸಿಕೊಂಡ ಬಸವರಾಜ ಬೊಮ್ಮಾಯಿಯವರೂ ಲಿಂಗಾಯತರೇ. ಅಲ್ಲಿಗೆ ಹೋದ ಪೂಜ್ಯರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಕಷ್ಟದಲ್ಲಿರುವ ಭಕ್ತನಿಗೆ ಸಾಂತ್ವನ ಹೇಳುವುದು ಗುರುಧರ್ಮ. ನನ್ನ ಸಂಕೋಚವು ಬೇರೆ. ಅಂದು ಲೋಕಕ್ಕೆ ಕಂಡುದು ಇಷ್ಟು: ಒಂದು ಸರ್ಕಾರದ ಮುಂದಾಳು ಉಳಿಯಬೇಕೋ ಬಾರದೋ ಎಂಬುದಕ್ಕೆ ಮಠಗಳ ಸಂಖ್ಯೆಯನ್ನು ಎಣಿಸಲಾಗುತ್ತಿದೆ. ರಾಜ್ಯಪಾಲರು ಕಾಗದಗಳನ್ನು ಎಣಿಸಿದುದು ತಪ್ಪೆಂದು ಬೊಮ್ಮಾಯಿಯವರ ವ್ಯಾಜ್ಯದಲ್ಲಿ ತೀರ್ಮಾನವಾಗಿರುವಾಗ, ಕಾವಿಗಳನ್ನು ಎಣಿಸುವುದು ಸರಿಯಾಗುವುದು ಹೇಗೆ? ಶಾಸಕನು ತಾನೇ ಸದನದಲ್ಲಿ ಎದ್ದು ನಿಲ್ಲಬೇಕು. ಭಕ್ತನೂ ತಾನೇ ಮತಗಟ್ಟೆಗೆ ಹೋಗಬೇಕು. ಅವನ ಪರವಾಗಿ ಇನ್ನೊಬ್ಬರು ಲೆಕ್ಕ ಒಪ್ಪಿಸುವುದಕ್ಕೆ ಅವನು ಯಾರಿಗೂ ಮುಕ್ತ್ಯಾರು ಬರೆದುಕೊಟ್ಟಿಲ್ಲ.

ಇದರಿಂದ ಮಠಕ್ಕೆ ಲಾಭವೂ ಇಲ್ಲ. ಸಮಾವೇಶ ನಡೆದರೂ ರಾಜೀನಾಮೆ ನಿಲ್ಲಲಿಲ್ಲ. ಲಿಂಗಾಯತರೇ ಮುಖ್ಯಮಂತ್ರಿಗಳಾಗಿದ್ದರೂ ೨೦೨೩ರಲ್ಲಿ ಆ ಪಕ್ಷವು ೬೬ ಸ್ಥಾನಗಳಿಗೆ ಇಳಿದು, ಕಾಂಗ್ರೆಸ್ಸಿಗೆ ೧೩೫ ಬಂದವು. ಕುರ್ಚಿಯಲ್ಲಿ ನಮ್ಮವರು ಕುಳಿತರೆ ನಮ್ಮ ಬಡವರ ಹೊಟ್ಟೆ ತುಂಬುವುದೆಂಬುದೂ ಪರೀಕ್ಷೆಗೆ ನಿಲ್ಲಲಿಲ್ಲ. ೨೦೨೧ರ ಜನವರಿಯಲ್ಲಿ ಪಂಚಮಸಾಲಿಗಳು ಮೀಸಲಾತಿಗಾಗಿ ಕೂಡಲಸಂಗಮದಿಂದ ಬೆಂಗಳೂರಿಗೆ ನಡೆದುಕೊಂಡು ಹೊರಟಾಗ ವಿಧಾನಸೌಧದಲ್ಲಿದ್ದವರು ಲಿಂಗಾಯತ ಮುಖ್ಯಮಂತ್ರಿಗಳೇ ಅಲ್ಲವೇ? ಒಂಬತ್ತು ಮಂದಿ ಆಳಿದ ಮೇಲೆಯೂ ನೂರಾರು ಮೈಲಿ ನಡೆಯಬೇಕಾಗಿ ಬಂದ ರೈತನ ಕಾಲಿನ ಬೊಬ್ಬೆಗಳಿಗೆ ಏನು ಉತ್ತರ? ೨೦೨೩ರ ಮಾರ್ಚಿಯಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಸರ್ಕಾರವು ಮುಸಲ್ಮಾನರಿಗಿದ್ದ ನೂರಕ್ಕೆ ನಾಲ್ಕನ್ನು ತೆಗೆದು, ಲಿಂಗಾಯತರಿಗೆ ಎರಡು, ಒಕ್ಕಲಿಗರಿಗೆ ಎರಡು ಎಂದು ಹಂಚಿತು. ಸರ್ವೋಚ್ಚ ನ್ಯಾಯಾಲಯದ ಮುಂದೆ ಅದು ನಿಂತುಹೋಯಿತು. ದಾಸೋಹದ ಪಂಕ್ತಿಯಲ್ಲಿ ಪಕ್ಕದವನ ಎಲೆಯಿಂದ ತೆಗೆದು ನಮ್ಮ ಎಲೆಗೆ ಬಡಿಸಿದರೆ ಶ್ರೀಮಠದ ಭಕ್ತನು ಉಣ್ಣುವನೇ? ನನ್ನ ಮಟ್ಟಿಗೆ, ಆ ಆಜ್ಞೆಯು ನಿಂತುಹೋದುದರಿಂದ ನನಗೆ ವ್ಯಸನವಾಗಲಿಲ್ಲ.

ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೨೦೧೯ನೆಯ ಜನವರಿ ೨೧ರಂದು ಲಿಂಗೈಕ್ಯರಾದಾಗ ಎಲ್ಲ ಪಕ್ಷಗಳ ಮುಖಂಡರೂ ಬಂದು ನೆಲದ ಮೇಲೆ ಕುಳಿತರು. ಅವರನ್ನು ಅಲ್ಲಿಗೆ ಎಳೆದು ತಂದುದು ಯಾವ ಮತದ ಲೆಕ್ಕ? ಜಾತಿಯನ್ನು ಕೇಳದೆ ಸಾವಿರಾರು ಹುಡುಗರಿಗೆ ನಿತ್ಯವೂ ಅನ್ನವಿಟ್ಟು ಅಕ್ಷರ ಕಲಿಸಿದ ಆ ಒಲೆಯ ಬೆಂಕಿಯೇ ಅವರನ್ನು ಕರೆಯಿತು. ಮಠಕ್ಕೆ ಸರ್ಕಾರದಿಂದ ಸಹಾಯಧನ ಬರುವುದು ತಪ್ಪಲ್ಲ. ವಿದ್ಯಾರ್ಥಿನಿಲಯಕ್ಕೆಂದು ಬಂದುದು ವಿದ್ಯಾರ್ಥಿನಿಲಯಕ್ಕೆ ಸಂದರೆ ಸರಿ. ಅದರ ಹಿಂದಿನಿಂದ ಮತದ ಚೀಟಿಯು ಬಾರದಂತೆ ನೋಡಿಕೊಳ್ಳತಕ್ಕವರು ಭಕ್ತರಾದ ನಾವು. ಏತಕ್ಕೆಂದರೆ, ಅಭ್ಯರ್ಥಿಯನ್ನು ಕೈಹಿಡಿದು ಕರೆತಂದು ಗದ್ದುಗೆಯ ಮುಂದೆ ನಿಲ್ಲಿಸುವವರು ಪೂಜ್ಯರಲ್ಲ, ನಮ್ಮಲ್ಲಿಯೇ ಕೆಲವು ಮುಂದಾಳುಗಳು.

ಆದುದರಿಂದ ಭಕ್ತಮಂಡಲಿಯವರ ಆಲೋಚನೆಗಾಗಿ ಒಂದು ಸೂಚನೆಯನ್ನು ಮಾಡುತ್ತೇನೆ. ಚುನಾವಣೆಯು ಘೋಷಣೆಯಾದ ದಿವಸದಿಂದ ಮತಗಳ ಎಣಿಕೆಯು ಮುಗಿಯುವ ಪರ್ಯಂತ, ದರ್ಶನಕ್ಕೆ ಬರುವ ಅಭ್ಯರ್ಥಿಗಳು ಯಾವ ಪಕ್ಷದವರಾದರೂ, ಯಾವ ಜಾತಿಯವರಾದರೂ, ಬರಲಿ, ಪ್ರಸಾದವನ್ನು ಸ್ವೀಕರಿಸಲಿ, ಆದರೆ ಛಾಯಾಚಿತ್ರಗಾರರನ್ನು ಹೊರಬಾಗಿಲಲ್ಲಿಯೇ ಬಿಟ್ಟು ಬರಲಿ. ಸಮಾಜದ ಹೆಸರಿನಲ್ಲಿ ಇಂಥವರಿಗೆ ಮತ ಹಾಕಿರೆಂದು ಯಾವ ಭಕ್ತನೂ ಮಠದ ಮುದ್ರೆಯುಳ್ಳ ಕಾಗದವನ್ನು ಹೊರಡಿಸಬಾರದು. ಸನ್ನಿಧಿಯವರ ಚಿತ್ತಕ್ಕೆ ಬಂದಲ್ಲಿ ಇದನ್ನು ಮುಂದಿನ ಸಭೆಯಲ್ಲಿ ಚರ್ಚಿಸಬಹುದು. ಒಪ್ಪದವರು ಇದ್ದರೆ ಅವರ ಕಾರಣಗಳನ್ನೂ ಕೇಳಬೇಕು.

ಇನ್ನೊಂದು ಎಣಿಕೆಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ದೇಶದಲ್ಲಿ ಎಲ್ಲ ಜಾತಿಗಳ ಎಣಿಕೆಯು ಪ್ರಕಟವಾದುದು ೧೯೩೧ರಲ್ಲಿ ಕಡೆಯದು. ನಮ್ಮ ರಾಜ್ಯದಲ್ಲಿ ೨೦೧೫ರಲ್ಲಿ ನಡೆದ ಸಮೀಕ್ಷೆಯ ಅಂಕಿಗಳೆಂದು ೨೦೨೫ರ ಏಪ್ರಿಲಿನಲ್ಲಿ ಪತ್ರಿಕೆಗಳಲ್ಲಿ ಬಂದುವು. ಅವುಗಳ ಪ್ರಕಾರ ವೀರಶೈವ ಲಿಂಗಾಯತರು ಸುಮಾರು ೬೬ ಲಕ್ಷ, ಒಕ್ಕಲಿಗರು ಸುಮಾರು ೬೧ ಲಕ್ಷ. ಎರಡು ಸಮಾಜದವರೂ ನಾವು ಇದಕ್ಕಿಂತ ಹೆಚ್ಚಿದ್ದೇವೆಂದು ಆಕ್ಷೇಪಿಸಿದರು. ಎಂದೂ ಒಟ್ಟಿಗೆ ಕೂಡದವರು ಅಂದು ಕೂಡಿದರು! ಅದನ್ನು ಬದಿಗಿರಿಸಿ ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ಹೊಸ ಸಮೀಕ್ಷೆಯನ್ನು ಆರಂಭಿಸಲಾಯಿತು. ಧರ್ಮದ ಅಂಕಣದಲ್ಲಿ ಏನು ಬರೆಯಿಸಬೇಕೆಂಬುದರಲ್ಲಿ ನಮ್ಮ ಸಂಸ್ಥೆಗಳೇ ಒಂದೊಂದು ಬಗೆಯಾಗಿ ಹೇಳಿದುವು. ಗಣತಿಯವರು ಬಂದಾಗ ಯಾರು ಏನು ಬರೆಯಿಸಬೇಕೆಂದು ನಾನು ಹೇಳಹೊರಟಿಲ್ಲ. ನನ್ನ ಕೋರಿಕೆಯು ಬೇರೆ ಅಂಕಣಗಳ ವಿಷಯದಲ್ಲಿದೆ. ಮನೆಯಲ್ಲಿ ಓದು ಬಿಟ್ಟ ಹುಡುಗಿ ಇದ್ದಾಳೆಯೇ, ಭೂಮಿ ಎಷ್ಟು ಗುಂಟೆ, ಸಾಲ ಎಷ್ಟು, ಕೂಲಿಗೆ ಹೋಗುವವರು ಎಷ್ಟು ಮಂದಿ ಎಂಬ ಪ್ರಶ್ನೆಗಳಿಗೆ ಸಂಕೋಚಪಡದೆ ಇದ್ದುದನ್ನು ಇದ್ದಂತೆ ಹೇಳಿರಿ. ಗಾಣಿಗರು, ಹೂಗಾರರು, ಮಡಿವಾಳರು, ಹಡಪದರು, ಬಡ ಜಂಗಮರು ನಮ್ಮೊಳಗೆ ಎಷ್ಟು ಮಂದಿ, ಹೇಗಿದ್ದಾರೆಂಬುದು ಆ ಅಂಕಣಗಳಿಂದಲೇ ತಿಳಿಯತಕ್ಕದ್ದು.

 ಪ್ರಸಾದಕ್ಕೆ ಹೊತ್ತಾಯಿತೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ.